ದೇವನಹಳ್ಳಿಯ ಬಿದಿರಿನ ಚಾವಣಿ

2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ, ಊರಿನಿಂದ ಇಷ್ಟು ದೂರವೇಕೆ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. 2013ರಲ್ಲಿ ಕೆಂಪೇಗೌಡರ ಹೆಸರು ಪಡೆದ ಈ ನಿಲ್ದಾಣಕ್ಕೆ 2019ರಲ್ಲಿ ಎರಡನೆಯ ರನ್‌ವೇ ಬಂದಿತು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೆಯ ಟರ್ಮಿನಲ್. ಬಿದಿರಿನ ಹೆಣಿಗೆಯಂಥ ಚಾವಣಿಯಿಂದ ಬೆಳಕು ಸೋಸಿ ಇಳಿಯುತ್ತದೆ. ತಲೆಯ ಮೇಲೆ ತೂಗುತೋಟಗಳಿವೆ. ತಪಾಸಣೆ ಮುಗಿಸಿ ಗೇಟಿನತ್ತ ಹೋಗುವವರು ಗಿಡಮರಗಳ ನಡುವೆಯೇ ಹಾದುಹೋಗುತ್ತಾರೆ. ನಗರದೊಳಗೆ ಸವೆಯುತ್ತಿರುವ ಉದ್ಯಾನನಗರಿಯೆಂಬ ಬಿರುದು ನಿಲ್ದಾಣದಲ್ಲಿ ಚಿಗುರಿರುವುದು ಸ್ವಲ್ಪ ವಿಚಿತ್ರವೇ. ಅಲ್ಲಿಗೆ ತಲುಪಲು ನನಗೆ ಇಂದಿಗೂ ವಾಯುವಜ್ರ ಬಸ್ಸೇ ಅಚ್ಚುಮೆಚ್ಚು. ಹೆಬ್ಬಾಳದ ದಟ್ಟಣೆಗೆಂದು ಒಂದು ಗಂಟೆ ಮುಂಚಿತವಾಗಿಯೇ ಹೊರಡುತ್ತೇನೆ.