ಹರಿಹರದ ಸೇತುವೆ ದಾಟಿದರೆ ಬೇರೆ ಕಾನೂನು

ದಾವಣಗೆರೆಯಲ್ಲಿ ಎಂ.ಎ. ಓದುವಾಗ ನಮಗೆ ಕಾನೂನಿನ ಚರಿತ್ರೆ ಅಂತ ಒಂದು ಪತ್ರಿಕೆ ಇತ್ತು. ಪರೀಕ್ಷೆಗಿಂತ ಜಾಸ್ತಿ ಭಯ ಇದ್ದದ್ದು ಅದರ ಪುಸ್ತಕ ವಿಮರ್ಶೆಗೆ. ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ದಪ್ಪ ಇಂಗ್ಲಿಷ್ ಪುಸ್ತಕ ಹಂಚಿ, ಬರೀ ಸಾರಾಂಶ ಬರೆದು ತಂದರೆ ಓದೋದೇ ಇಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದರು. ಲೇಖಕರು ಏನು ಹೇಳಿದ್ದಾರೆ ಅನ್ನೋದಕ್ಕೆ ಒಂದು ಪುಟ ಸಾಕು. ಯಾವ ದಾಖಲೆ ನೋಡಿ ಹಾಗೆ ಹೇಳಿದ್ದಾರೆ, ಆ ದಾಖಲೆಯಿಂದ ಅಷ್ಟು ದೊಡ್ಡ ಮಾತು ಹೊರಡುತ್ತಾ ಅನ್ನೋದನ್ನು ಬರೆಯಬೇಕಿತ್ತು. ಹಾಗಾಗಿ ಮುನ್ನುಡಿಗಿಂತ ಮೊದಲು ಅಡಿಟಿಪ್ಪಣಿ ಓದುವ ಅಭ್ಯಾಸ ಬಿತ್ತು. ಈಗಲೂ ಬಿಟ್ಟಿಲ್ಲ, ಮನೆಯವರು ನಗುತ್ತಾರೆ.

ನನ್ನ ಪಾಲಿಗೆ ಬಂದದ್ದು ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲಿನ ಪುಸ್ತಕ. ಒಳ್ಳೆಯ ಪುಸ್ತಕವೇ, ಸುಮ್ನೆ ಬೈಯೋ ಹಾಗಿರಲಿಲ್ಲ. ಆದರೆ ಅದರ ಪ್ರಕಾರ ಸುಧಾರಣೆ ಶುರುವಾಗಿದ್ದು ದಿಲ್ಲಿಯಲ್ಲಿ, 1937ರ ಹಿಂದೂ ಮಹಿಳೆಯರ ಆಸ್ತಿ ಹಕ್ಕು ಕಾಯ್ದೆಯಿಂದ. ನಮ್ಮ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತ್ತು. ಅಪ್ಪ ಮಕ್ಕಳು ಆಸ್ತಿ ಪಾಲು ಮಾಡಿಕೊಳ್ಳುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಪಾಲು. ಮಗಳದ್ದು ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ ಅಷ್ಟೇ, ಆದರೂ ಪಾಲು ಪಾಲೇ ಅಲ್ವಾ? 1937ರ ಕಾಯ್ದೆ ವಿಧವೆಯರಿಗೆ ಕೊಟ್ಟಿತು, ಮಗಳ ಸುದ್ದಿಗೇ ಹೋಗಲಿಲ್ಲ. ಪುಸ್ತಕದಲ್ಲಿ ಮೈಸೂರಿಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ.

ಖುಷಿಯಿಂದ ಇದನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ, ಪೆನ್ಸಿಲ್ಲಿನಿಂದ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದರು. "ನೋಡಮ್ಮಾ, ಪುಸ್ತಕದಲ್ಲಿ ಏನಿಲ್ಲ ಅಂತ ಯಾರು ಬೇಕಾದರೂ ಪಟ್ಟಿ ಮಾಡ್ತಾರೆ. ಇದು ಇಲ್ಲದ್ದರಿಂದ ಅವರ ವಾದ ಎಲ್ಲಿ ಮುರಿಯುತ್ತೆ? ಅದನ್ನು ಹೇಳು."

ಆಮೇಲೆ ಹೊಳೆದದ್ದು ನಮ್ಮ ಸುತ್ತಲಿನ ಊರುಗಳು. ಆ ಕಾಯ್ದೆಗಳ ಕಾಲದಲ್ಲಿ ದಾವಣಗೆರೆ, ಹರಿಹರ ಮೈಸೂರಿನ ಚಿತ್ರದುರ್ಗ ಜಿಲ್ಲೆ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಈ ಕಡೆ ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೆ ಸೇರಿ ಮದ್ರಾಸಿನದ್ದು. ಮೂರೂ ಕಡೆ ನಡೆಯುತ್ತಿದ್ದದ್ದು ಮಿತಾಕ್ಷರವೇ, ಅಂದರೆ ಅದೇ ಹೆಸರಿನ ಹಳೆಯ ಧರ್ಮಶಾಸ್ತ್ರ ಗ್ರಂಥ ಹೇಳುವ ಹಿಂದೂ ಆಸ್ತಿ ಪದ್ಧತಿ, ಆದರೆ ಗಂಡುಮಕ್ಕಳಿಲ್ಲದ ಅಪ್ಪನಿಂದ ಬಂದ ಆಸ್ತಿ ಮುಂಬಯಿ ಕಡೆಯ ಮಗಳಿಗೆ ಪೂರ್ತಿ ಸ್ವಂತ, ಮದ್ರಾಸ್ ಕಡೆಯವಳಿಗೆ ಬದುಕಿರುವ ತನಕ ಮಾತ್ರ. ಒಂದೇ ಬೀಗರ ಬಳಗ, ಒಂದೇ ಸಂತೆ, ಮೂರು ಬಗೆಯ ಕಾನೂನು. ಇಂಥ ಕಡೆ "ಭಾರತದ ಹಿಂದೂ ಸ್ತ್ರೀ" ಅಂತ ಒಬ್ಬಳನ್ನೇ ಇಟ್ಟುಕೊಂಡು ಕಥೆ ಹೇಳೋದು, ಸುಧಾರಣೆ ಮೇಲಿನಿಂದ ಕೆಳಗೆ ಹರಿದು ಬಂತು ಅನ್ನೋದು, ಎರಡೂ ನಿಲ್ಲೋದಿಲ್ಲ ಅಂತ ಬರೆದೆ.

ಇನ್ನೊಂದು ತಕರಾರೂ ಇತ್ತು. ಲೇಖಕರ ಆಧಾರವೆಲ್ಲ ಹೈಕೋರ್ಟಿನ ಅಚ್ಚಾದ ತೀರ್ಪುಗಳು. ಅಲ್ಲಿಯವರೆಗೆ ಹೋಗಲು ದುಡ್ಡು ಬೇಕು, ಜೊತೆಗೆ ನಿಲ್ಲುವ ಗಂಡಸೊಬ್ಬ ಬೇಕು. ತವರು ಉಳಿಯಲಿ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು ಯಾವ ತೀರ್ಪಿನಲ್ಲೂ ಸಿಗೋದಿಲ್ಲ, ಅವಳನ್ನು ಹುಡುಕಲು ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ವಿಮರ್ಶೆಯನ್ನು ತರಗತಿಯಲ್ಲಿ ಓದಿದಾಗ ಹರಪನಹಳ್ಳಿಯ ಗೆಳತಿಯೊಬ್ಬಳು ಎದ್ದಳು. ನಾನು 1937ರ ಕಾಯ್ದೆಗೆ ಅನಗತ್ಯ ಮರ್ಯಾದೆ ಕೊಟ್ಟಿದ್ದೇನೆ ಅಂತ ಅವಳ ವಾದ. ಅದು ಕೃಷಿ ಜಮೀನಿಗೆ ಅನ್ವಯಿಸೋದಿಲ್ಲ ಅಂತ ಫೆಡರಲ್ ಕೋರ್ಟ್ (ಸುಪ್ರೀಂ ಕೋರ್ಟಿಗಿಂತ ಮುಂಚೆ ದಿಲ್ಲಿಯಲ್ಲಿದ್ದ ನ್ಯಾಯಾಲಯ) 1941ರಲ್ಲೇ ಹೇಳಿದೆ, ಮದ್ರಾಸ್ ಅದನ್ನು ಜಮೀನಿಗೆ ವಿಸ್ತರಿಸಿದ್ದು 1947ರಲ್ಲಿ. "ನಮ್ಮೂರಲ್ಲಿ ಆಸ್ತಿ ಅಂದ್ರೆ ಹೊಲನೇ ಕಣೇ" ಅಂದಳು. ಮೇಷ್ಟ್ರು ನನ್ನನ್ನು ಕೂರಿಸಿ, ಉಳಿದ ಹೊತ್ತೆಲ್ಲ ಅವಳ ಕೈಲಿ ಮಾತಾಡಿಸಿದರು.