ಒಂದು ಕ್ಲಿಕ್ಕು ಎಲ್ಲಿಯವರೆಗೆ ಹೋಗುತ್ತದೆ?

ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಕ್ಕೆ ಇಳಿಯುವವರು ಮೊದಲು ಕೇಳುವುದು ‘ಎಷ್ಟು ಜನಕ್ಕೆ ತಲುಪುತ್ತೆ?’ ಎಂದು. ಯಾರ ಕೈಯಿಂದ ತಲುಪುತ್ತೆ, ಕೊನೆಗೆ ಯಾರ ಮೇಜಿನ ಮೇಲೆ ಬೀಳುತ್ತೆ ಎಂದು ಕೇಳುವವರು ಕಡಿಮೆ.

2010ರ ನವೆಂಬರ್ 2ರಂದು ಅಮೆರಿಕದಲ್ಲಿ ಚುನಾವಣೆ. ಅಂದು ಫೇಸ್‌ಬುಕ್ ತೆರೆದ ಸುಮಾರು 6.1 ಕೋಟಿ ವಯಸ್ಕರು, ತಮಗೇ ಗೊತ್ತಿಲ್ಲದಂತೆ, ಒಂದು ಪ್ರಯೋಗದಲ್ಲಿದ್ದರು. ಬಹುಪಾಲು ಜನರಿಗೆ ಪುಟದ ಮೇಲ್ಗಡೆ ಮತದಾನದ ನೆನಪೋಲೆ, ಮತಗಟ್ಟೆ ಹುಡುಕುವ ಲಿಂಕ್, ‘ನಾನು ಮತ ಹಾಕಿದೆ’ ಎಂಬ ಬಟನ್. ಅದರ ಕೆಳಗೆ ಆಗಲೇ ಬಟನ್ ಒತ್ತಿದ್ದ ಸ್ನೇಹಿತರ ಮುಖಗಳು, ಹೆಚ್ಚೆಂದರೆ ಆರು. ಆರು ಲಕ್ಷ ಚಿಲ್ಲರೆ ಮಂದಿಗೆ ಮುಖಗಳಿಲ್ಲದ ಅದೇ ಸಂದೇಶ. ಇನ್ನೂ ಅಷ್ಟೇ ಮಂದಿಗೆ ಏನೂ ಕಾಣಿಸಲಿಲ್ಲ. ಆಮೇಲೆ ಮತದಾರರ ದಾಖಲೆಗಳೊಂದಿಗೆ ತಾಳೆ ಹಾಕಿ ನೋಡಿದರೆ, ಮುಖಗಳಿಲ್ಲದ ಸಂದೇಶ ಕಂಡವರಿಗೂ ಏನೂ ಕಾಣದವರಿಗೂ ಮತ ಹಾಕಿದ ಪ್ರಮಾಣದಲ್ಲಿ ವ್ಯತ್ಯಾಸವೇ ಇಲ್ಲ! ಮುಖ ಕಂಡವರಲ್ಲಿ ಮಾತ್ರ ಶೇ. 0.39ರಷ್ಟು ಏರಿಕೆ. ಕೇಳಲು ಜುಜುಬಿ. ಆದರೆ ಸಂಶೋಧಕರ ಅಂದಾಜಿನಲ್ಲಿ ನೇರವಾಗಿ 60,000 ಮತ, ಸ್ನೇಹಿತರಿಂದ ಸ್ನೇಹಿತರಿಗೆ ಹಬ್ಬಿ ಇನ್ನೂ 2,80,000. ಹಬ್ಬಿಸಿದವರೂ ನಿಜಜೀವನದಲ್ಲಿ ಒಡನಾಟವಿದ್ದ ಆಪ್ತರೇ ಹೊರತು ಸುಮ್ಮನೆ ಪಟ್ಟಿಯಲ್ಲಿ ಇದ್ದವರಲ್ಲ.

ಹಾಗಾಗಿ ದೊಡ್ಡ ಗುಂಪಿಗೆ ಒಂದು ಫಾರ್ವರ್ಡ್ ಎಸೆದು ಕೈತೊಳೆದುಕೊಳ್ಳುವ ಬದಲು, ಹತ್ತು ಮಂದಿಗೆ ಹೆಸರು ಹಿಡಿದು ಬರೆಯಿರಿ: ‘ನಾನು ಸಹಿ ಹಾಕಿದೆ, ನೀನೂ ಹಾಕಿ ನನಗೊಂದು ಮಾತು ಹೇಳು.’ ಫಾರ್ವರ್ಡ್‌ಗೆ ಇನ್ನೊಂದು ತೊಡಕೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಐದು ಚಾಟ್ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಸುಳ್ಳು ಸುದ್ದಿಗೆ ಹಾಕಿದ ಬೇಲಿ, ನಿಜವಾದ ಮನವಿಗೂ ಅಡ್ಡ ನಿಲ್ಲುತ್ತದೆ.

ಸಿಟ್ಟಿನ ವಿಷಯವೂ ಹೀಗೇ. 2017ರಿಂದ ಕೆಲಕಾಲ ಫೇಸ್‌ಬುಕ್, ಯಾವ ಪೋಸ್ಟ್ ಹೆಚ್ಚು ಜನಕ್ಕೆ ತೋರಿಸಬೇಕೆಂಬ ತನ್ನ ಲೆಕ್ಕಾಚಾರದಲ್ಲಿ, ಕೋಪದ ಇಮೋಜಿಗೆ ಒಂದು ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು. 2020ರಲ್ಲಿ ಅದನ್ನು ಸೊನ್ನೆಗಿಳಿಸಿತು. ತೂಕ ಬದಲಾಗುತ್ತಿರುತ್ತದೆ, ಕಂಡಲ್ಲೇ ಸಿಟ್ಟಿಗೇಳುವ ನಮ್ಮ ಅಭ್ಯಾಸ ಹೋಗಿಲ್ಲ. ಎದುರಾಳಿಯ ಪೋಸ್ಟ್‌ನ ಕೆಳಗೆ ಜಗಳಕ್ಕೆ ನಿಂತರೆ ಆ ಪೋಸ್ಟ್‌ಗೇ ಮೆಟ್ಟಿಲು ಕಟ್ಟಿಕೊಟ್ಟಂತೆ. ಉತ್ತರ ಕೊಡಲೇಬೇಕೆಂದರೆ ಸ್ವಂತ ಗೋಡೆಯ ಮೇಲೆ, ಸರಿಯಾದ ಮಾಹಿತಿಯಿಂದಲೇ ಶುರುಮಾಡಿ.

ಇನ್ನು ಸಹಿ. ಬ್ರಿಟನ್ ಸಂಸತ್ತಿನ ಅರ್ಜಿ ತಾಣದ ನಿಯಮ ಸ್ಪಷ್ಟ: ಮೊದಲು ಐವರ ಬೆಂಬಲ, ನಂತರ ಪರಿಶೀಲನೆ, ಆರು ತಿಂಗಳ ಗಡುವು. 10,000 ಸಹಿಗೆ ಸರ್ಕಾರದ ಲಿಖಿತ ಉತ್ತರ, 1,00,000 ದಾಟಿದರೆ ಚರ್ಚೆಗೆ ಪರಿಗಣನೆ. ಇಲ್ಲಿ ಸೋರಿಕೆ ಎರಡು ಕಡೆ. ಸಹಿ ಹಾಕಿದವರು ಇಮೇಲ್‌ಗೆ ಬಂದ ಲಿಂಕ್ ಒತ್ತದಿದ್ದರೆ ಸಹಿ ಲೆಕ್ಕಕ್ಕೇ ಬರುವುದಿಲ್ಲ. ಆ ಇಮೇಲ್ ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಕೊಳೆಯುತ್ತಿರುತ್ತದೆ. ಎರಡನೆಯದು, ಸ್ಥಳೀಯ ಆಡಳಿತಕ್ಕೆ ಹೋಗಬೇಕಾದದ್ದನ್ನು ಸಂಸತ್ತಿಗೆ ಕಳಿಸುವುದು, ಅಥವಾ ಆಗಲೇ ಇರುವ ಅರ್ಜಿಯನ್ನೇ ಮತ್ತೆ ಬರೆಯುವುದು. ಎರಡೂ ತಿರಸ್ಕೃತ. ಇದೆಲ್ಲ ದಾಟಿದರೂ ಸಿಗುವುದು ಚರ್ಚೆ, ತೀರ್ಮಾನವಲ್ಲ. 2019ರಲ್ಲಿ ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕೈಬಿಡಿ ಎಂಬ ಅರ್ಜಿಗೆ 61 ಲಕ್ಷ ಸಹಿ ಬಿತ್ತು. ಚರ್ಚೆ ನಡೆಯಿತು. ಸರ್ಕಾರ ‘ಆಗದು’ ಎಂದಿತು.

ಸಂಖ್ಯೆಯನ್ನು ನಂಬುವವರಿಗೆ ಇನ್ನೂ ಕಹಿಯಾದ ಉದಾಹರಣೆ 2017ರ ಅಮೆರಿಕದ ನೆಟ್ ನ್ಯೂಟ್ರಾಲಿಟಿ ವಿವಾದ: ಇಂಟರ್ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ ನಿಯಮ ಇರಬೇಕೋ ಬೇಡವೋ ಎಂಬುದು. ಅಲ್ಲಿನ ಸಂವಹನ ಆಯೋಗಕ್ಕೆ 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ಹೇಳಿತು. ನಿಯಮ ಬೇಡವೆನ್ನುವ ಇಂಟರ್ನೆಟ್ ಉದ್ಯಮದ ದುಡ್ಡಿನ ಪ್ರಚಾರದಿಂದ 85 ಲಕ್ಷ. ನಿಯಮ ಬೇಕೆನ್ನುವ ಕಡೆಯಿಂದ, 19 ವರ್ಷದ ಒಬ್ಬನೇ ವಿದ್ಯಾರ್ಥಿ ಸಾಫ್ಟ್‌ವೇರ್ ಓಡಿಸಿ ಹಾಕಿದ್ದು 77 ಲಕ್ಷ. ಇದನ್ನು ಕಂಡ ಯಾವ ಅಧಿಕಾರಿ ಒಂದೇ ಅಚ್ಚಿನ ಸಾವಿರ ಇಮೇಲ್‌ಗಳಿಗೆ ಬೆಲೆ ಕೊಟ್ಟಾನು? ಅಚ್ಚಿನ ಪಠ್ಯ ಹಂಚುವುದಾದರೆ ಮಧ್ಯದ ಎರಡು ಸಾಲು ಖಾಲಿ ಬಿಡಿ. ಈ ವಿಷಯ ತಮ್ಮ ಮನೆಗೆ, ಬೀದಿಗೆ ಹೇಗೆ ತಟ್ಟಿದೆ ಎಂದು ಸಹಿದಾರರೇ ಅಲ್ಲಿ ತುಂಬಲಿ. ಸಹಿ ಅರ್ಧಕ್ಕಿಳಿಯಬಹುದು, ಇಳಿಯಲಿ.

ರಸ್ತೆ ಗುಂಡಿ, ಆರಿದ ಬೀದಿದೀಪದಂಥ ದೂರುಗಳಿಗೆ ಸಹಿಯ ಗೊಡವೆಯೇ ಬೇಡ. 2007ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ತಾಣದ ಜಾಣತನ ಇಲ್ಲೇ ಇದೆ: ನಕ್ಷೆಯಲ್ಲಿ ಗುರುತು ಹಾಕಿದರೆ ಸಾಕು, ಅದು ಯಾರ ವ್ಯಾಪ್ತಿ ಎಂಬುದನ್ನು ತಾಣವೇ ಹುಡುಕಿ ದೂರು ಮುಟ್ಟಿಸುತ್ತದೆ. ಅಂಥ ಸೌಲಭ್ಯ ಇಲ್ಲದ ಕಡೆ ಎರಡು ಫೋಟೊ ತೆಗೆಯಿರಿ: ಹತ್ತಿರದಿಂದ ಒಂದು, ಪಕ್ಕದ ಕಟ್ಟಡವೋ ಕಂಬದ ಸಂಖ್ಯೆಯೋ ಕಾಣುವಂತೆ ದೂರದಿಂದ ಇನ್ನೊಂದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ದೂರಿನ ಸಂಖ್ಯೆ ಬಂದ ಮೇಲೆಯೇ ಅದನ್ನು ಸೋಷಿಯಲ್ ಮೀಡಿಯಾಕ್ಕೆ ಹಾಕಿ, ಸಂಖ್ಯೆ ಸಮೇತ. ಉತ್ತರ ಬಾರದಿದ್ದರೆ ಅದೇ ಸಂಖ್ಯೆ ಹಿಡಿದು ಕೇಳಿ. ಹೊಸ ದೂರು ಕೊಟ್ಟರೆ ಕಾದ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.