ಓದಿದವರು ನೀವು, ಊರವರನ್ನು ಏನು ಕೇಳುತ್ತೀರಿ?

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಚಿಕ್ಕಪ್ಪ ಕೇಳುತ್ತಾರೆ. ಅಂದಾಜುಪಟ್ಟಿ ಹಿಡಿದುಕೊಂಡು ಹೋದಾಗ ಎಂಜಿನಿಯರು ಕೇಳುತ್ತಾರೆ. ಕೊನೆಗೆ ಊರವರೂ ಕೇಳುತ್ತಾರೆ: ‘ಐದು ವರ್ಷ ಇದನ್ನೇ ಓದಿದವರು ನೀವು. ನಮ್ಮನ್ನು ಕೇಳಿಕೊಂಡು ಕಟ್ಟುವುದಾದರೆ ನೀವು ಯಾತಕ್ಕಮ್ಮ?’

ನಾನು ವಾಸ್ತುಶಿಲ್ಪಿ. ಹಾಗೆಂದ ಕೂಡಲೇ ಅರ್ಧ ಜನ ‘ಅಡುಗೆಮನೆ ಆಗ್ನೇಯಕ್ಕೇ ಬರಬೇಕಲ್ಲವೇ’ ಎಂದು ಶುರು ಮಾಡುವುದರಿಂದ ಆರ್ಕಿಟೆಕ್ಟ್ ಎಂದೇ ಹೇಳಿಕೊಳ್ಳುತ್ತೇನೆ. ಹೊಟ್ಟೆಪಾಡು ಬೆಂಗಳೂರಿನ 30×40 ಅಡಿ ಸೈಟುಗಳ ಮನೆಗಳಿಂದ ನಡೆಯುತ್ತದೆ. ಅಲ್ಲಿ ಉಳಿಸಿದ ಸಮಯವನ್ನು ಹಳ್ಳಿಯ ಗ್ರಂಥಾಲಯ, ಅಂಗನವಾಡಿ, ಬಸ್ ತಂಗುದಾಣಗಳಿಗೆ ಸುರಿಯುತ್ತೇನೆ. ‘ಅದರಲ್ಲಿ ಏನು ಗಿಟ್ಟುತ್ತದೆ?’ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಚಿಕ್ಕದು: ಏನೂ ಗಿಟ್ಟುವುದಿಲ್ಲ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಏಕೆಂದರೆ ‘ನಿಮಗೆ ಎಂಥ ಕಟ್ಟಡ ಬೇಕು?’ ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ಒಮ್ಮೆ ಕೇಳಿ ಬುದ್ಧಿ ಕಲಿತಿದ್ದೇನೆ.

ಅದು ತುಮಕೂರಿನ ಕಡೆಯ ಒಂದು ಊರು. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದು, ಆಮೇಲೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಪಡೆದಿದ್ದು ನಿಮಗೂ ಗೊತ್ತಿರಬಹುದು. ಈ ಊರಿನದು ಹಳೆಯ ಒಂದೇ ಕೋಣೆ, ಮಳೆ ಬಂದರೆ ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಹೊಸದು ಕಟ್ಟಲು ಒಂದಿಷ್ಟು ಹಣ ಕೂಡಿತ್ತು. ಗುಡಿಯ ಮುಂದೆ ಸಭೆ ಸೇರಿಸಿ, ಉತ್ಸಾಹದಿಂದ ಕೇಳಿಯೇ ಬಿಟ್ಟೆ. ಎರಡು ಅಂತಸ್ತು ಇರಲಿ ಎಂದರು. ಮುಂಭಾಗಕ್ಕೆ ನೀಲಿ ಗಾಜು ಬರಲಿ ಎಂದರು. ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಎದ್ದ ಮೊಬೈಲ್ ಅಂಗಡಿಯ ಹಾಗೇ ಇರಲಿ ಎಂದು ಒಬ್ಬರು ಫೋಟೊ ತೋರಿಸಿದರು. ಮಾತಾಡಿದವರೆಲ್ಲ ಗಂಡಸರು. ಹೆಂಗಸರು ಕಂಬದ ಹಿಂದೆ ನಿಂತು ಕೇಳಿಸಿಕೊಂಡು, ದನಕ್ಕೆ ಹೊತ್ತಾಯಿತೆಂದು ಹೊರಟರು.

ಅವರದೇನೂ ತಪ್ಪಿಲ್ಲ. ಎಂಥದ್ದು ಬೇಕು ಎಂದು ಕೇಳಿದರೆ ಯಾರಾದರೂ ತಾವು ಕಂಡದ್ದರಲ್ಲಿ ಥಳಥಳಿಸುವುದನ್ನೇ ತೋರಿಸುತ್ತಾರೆ. ನಾನೂ ಕಾಲೇಜಿನಲ್ಲಿ ಮಾಡಿದ್ದು ಅದೇ. ವಿದೇಶಿ ಪತ್ರಿಕೆಗಳಲ್ಲಿ ಕಂಡದ್ದನ್ನು ಕದ್ದು ಕೋಲಾರಕ್ಕೆ ಬಸ್ ನಿಲ್ದಾಣ ಬರೆದಿದ್ದೆ.

ಸಭೆಯಲ್ಲಿ ಸಿಗದ ಉತ್ತರ ಮೂರು ದಿನ ಆ ಹಳೆಯ ಕೋಣೆಯ ಎದುರು ಸುಮ್ಮನೆ ಕುಳಿತಾಗ ಸಿಕ್ಕಿತು. ಬೆಳಿಗ್ಗೆ ಪೇಪರ್ ಓದಲು ಆರೇಳು ಮಂದಿ ಹಿರಿಯರು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಗಂಡು ಹುಡುಗರು. ಮೂರು ದಿನದಲ್ಲಿ ಒಬ್ಬಳೇ ಒಬ್ಬಳು ಹುಡುಗಿಯೂ ಒಳಗೆ ಹೋಗಲಿಲ್ಲ. ಹುಡುಗಿಯರಿಗೆ ಓದುವ ಆಸೆಯಿಲ್ಲವೇ ಎಂದರೆ, ನೋಂದಣಿ ಪುಸ್ತಕದಲ್ಲಿ ಎಂಟು ವರ್ಷದ ಹುಡುಗನೊಬ್ಬ ಪ್ರತಿವಾರ ದಪ್ಪ ದಪ್ಪ ಕಾದಂಬರಿ ಒಯ್ಯುತ್ತಿದ್ದ. ವಿಚಾರಿಸಿದರೆ ಅವನ ಅಕ್ಕ ಹತ್ತನೇ ತರಗತಿ. ಮನೆಗೇ ಹೋಗಿ ಮಾತಾಡಿಸಿದೆ. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಲೇ ಹೇಳಿದಳು: ‘ಲೈಬ್ರರಿ ಬಾಗಿಲ ಎದುರಿಗೇ ಟೀ ಅಂಗಡಿ ಅಲ್ಲವಾ ಅಕ್ಕಾ. ಅಲ್ಲಿ ಕುಳಿತವರೆಲ್ಲ ನೋಡುತ್ತಾರೆ. ಅದಕ್ಕೆ ತಮ್ಮನ ಕೈಯಲ್ಲಿ ತರಿಸುತ್ತೇನೆ.’

ನನ್ನ ಮೊದಲ ನಕ್ಷೆಯಲ್ಲೂ ಬಾಗಿಲು ಟೀ ಅಂಗಡಿಯ ಕಡೆಗೇ ಇತ್ತು. ರಸ್ತೆ ಇರುವ ಕಡೆ ಬಾಗಿಲು ಎಂಬುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಅದನ್ನು ಶಾಲೆಯ ಆಟದ ಬಯಲಿನ ಕಡೆಗೆ ತಿರುಗಿಸಿದೆ. ಅದಕ್ಕೆ ಒಂದು ಪೈಸೆಯೂ ಹೆಚ್ಚು ಬೀಳಲಿಲ್ಲ. ನೀಲಿ ಗಾಜಿನ ಬಗ್ಗೆ ಒಂದು ಗಂಟೆ ಚರ್ಚಿಸಿದ ಸಭೆಯಲ್ಲಿ ಈ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ.

ಎರಡನೆಯ ಪಾಠ ಜಗಲಿಯದು. ನಾನು ನಕ್ಷೆಯನ್ನು ಕಾಗದದಲ್ಲಿ ತೋರಿಸುವುದಕ್ಕಿಂತ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ನಿಜವಾದ ಅಳತೆಗೇ ಬರೆಯುತ್ತೇನೆ. ಕಾಗದದ ಮುಂದೆ ತಲೆಯಾಡಿಸುವವರು ಸುಣ್ಣದ ಗೆರೆಯೊಳಗೆ ನಡೆದಾಡಿ ಜಗಳಕ್ಕೇ ಬರುತ್ತಾರೆ. ಪೇಪರ್ ಓದುವ ಹಿರಿಯರಿಗೆಂದು ಹೊರಗೋಡೆಯ ಉದ್ದಕ್ಕೂ ಒಂದಡಿ ಅಗಲದ ಕಟ್ಟೆ ಬರೆದಿದ್ದೆ. ಮೇಸ್ತ್ರಿ ಇಟ್ಟಿಗೆ ಜೋಡಿಸಿ ತೋರಿಸಿದ. ಅಜ್ಜನೊಬ್ಬರು ಅದರ ಮೇಲೆ ಕುಳಿತು, ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಲು ನೋಡಿ, ಮುಗ್ಗರಿಸಿ ಎದ್ದು ನಿಂತರು. ‘ನೋಡಮ್ಮ, ಇದರ ಮೇಲೆ ಕೋಳಿ ಕೂರಬಹುದು’ ಎಂದರು.

ನಾನು ಕಲಿತ ಪುಸ್ತಕಗಳ ಕೂರುವ ಅಳತೆ ಕುರ್ಚಿಯದು: ಕಾಲು ಇಳಿಬಿಟ್ಟು ಕೂರುವವರದು. ಜಗಲಿಯ ಅಳತೆ ಬೇರೆ. ಕಾಲು ಮಡಿಸಿ, ಗೋಡೆಗೆ ಒರಗಿ, ಮಧ್ಯಾಹ್ನ ಮಗ್ಗುಲಾಗುವುದಕ್ಕೂ ಆಗಬೇಕೆಂದರೆ ಎರಡೂವರೆ ಅಡಿಯಾದರೂ ಬೇಕು. ಅದೇ ಊರಿನ ಹಳೆಯ ಮನೆಗಳ ಜಗಲಿಗಳನ್ನು ಟೇಪು ಹಿಡಿದು ಅಳೆದೆ. ಎರಡೂವರೆಗಿಂತ ಕಡಿಮೆಯದು ಒಂದೂ ಇರಲಿಲ್ಲ. ಅಷ್ಟು ಅಗಲ ಮಾಡಹೊರಟರೆ ಎಂಜಿನಿಯರರ ತಕರಾರು: ‘ಮೇಡಂ, ದರಪಟ್ಟಿಯಲ್ಲಿ ಜಗಲಿ ಅಂತ ಐಟಮೇ ಇಲ್ಲ.’ ಕಲ್ಲು ಕಟ್ಟಡ, ಮಣ್ಣು ತುಂಬುವುದು, ಮೇಲೆ ಕಡಪ ಕಲ್ಲು ಎಂದು ಮೂರು ತುಂಡು ಮಾಡಿ ಬರೆದು ಜಗಲಿಯನ್ನು ಅಂದಾಜುಪಟ್ಟಿಯೊಳಗೆ ತೂರಿಸಿದೆವು.

ಜನ ಕೂರುವ ಜಾಗಗಳೇ ಹೀಗೆ. ಎಷ್ಟೋ ಸಲ ಅವು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ 1935ರದು. ಒಳಗೆ ಎಂಥೆಂಥ ಕಾರ್ಯಕ್ರಮ ನಡೆದಿವೆಯೋ, ನನ್ನ ವಯಸ್ಸಿನವರಿಗೆ ಅದು ಎಂದರೆ ಮುಂದಿನ ಮೆಟ್ಟಿಲುಗಳೇ. ಭಿತ್ತಿಪತ್ರ ಹಿಡಿದು, ಮೇಣದಬತ್ತಿ ಹಚ್ಚಿ ನಿಂತ ಜಾಗ ಅದು. ಪ್ರತಿಭಟನೆಗೆಲ್ಲ ಈಗ ಸ್ವಾತಂತ್ರ್ಯ ಉದ್ಯಾನವನ್ನೇ ಗೊತ್ತು ಮಾಡಿದ್ದಾರೆ. ಮೊದಲು ಸೆಂಟ್ರಲ್ ಜೈಲು ಇದ್ದ ಜಾಗ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಹಾಗಾದರೆ ಊರವರು ಹೇಳಿದ್ದೆಲ್ಲ ವೇದವಾಕ್ಯವೇ? ಅಲ್ಲ. ಇಳಿಜಾರು ದಾರಿಗೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದನ್ನು ನಾನು ಯಾರನ್ನೂ ಕೇಳುವುದಿಲ್ಲ. ಗಾಲಿಕುರ್ಚಿಯವರು ನಮ್ಮೂರಲ್ಲಿ ಯಾರೂ ಇಲ್ಲವಲ್ಲ ಎಂದರೂ ಬಿಡುವುದಿಲ್ಲ; ಅವರು ಮನೆಯಿಂದ ಹೊರಗೆ ಬರದ ಕಾರಣ ನಿಮಗೆ ಕಾಣುವುದಿಲ್ಲ, ಅಷ್ಟೆ. ತಾರಸಿ ಎಷ್ಟು ಭಾರ ಹೊರುತ್ತದೆ, ಗಾಳಿ ಎಲ್ಲಿಂದ ಬರಬೇಕು ಎನ್ನುವುದೂ ನನ್ನ ತಲೆನೋವೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೂ ಬಯಲುಸೀಮೆಯ ಚಿತ್ರದುರ್ಗಕ್ಕೂ ಒಂದೇ ಮಾದರಿ ನಕ್ಷೆ ಕಳಿಸುವುದನ್ನು ವಿರೋಧಿಸಲು ಐದು ವರ್ಷದ ಓದು ಬೇಕೇ ಬೇಕು. ‘ನೀವು ಯಾತಕ್ಕೆ’ ಎಂಬುದಕ್ಕೆ ಇದು ಉತ್ತರ.

ಎಲ್ಲಿ ಇಬ್ಬರಿಗೂ ಗೊತ್ತಿರುತ್ತದೋ ಅಲ್ಲಿಯೇ ಕಷ್ಟ. ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಹಾಕೋಣ ಎಂದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ಇದೇ ಜಿಲ್ಲೆಯ ಉಂಗ್ರದಲ್ಲಿ ನೆಲೆಯೂರಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಕೆಲಸ ಮಾಡಿತ್ತು. ಅಂಥ ಇಟ್ಟಿಗೆಯೂ ಆ ತಂಡದ ಅಭ್ಯಾಸದ ವಿಷಯ. ಭಾಷಣ ಬಿಗಿಯುವ ಹುಮ್ಮಸ್ಸಿನಲ್ಲಿದ್ದೆ. ಒಬ್ಬಾಕೆ ತಡೆದರು: ‘ಮಣ್ಣಿನ ಗೋಡೆಯಿಂದ ಹೊರಗೆ ಬರುವುದಕ್ಕೆ ನಮ್ಮ ಮನೆಯವರು ಸಾಲ ಮಾಡಿದರು. ನೀವು ಮತ್ತೆ ಮಣ್ಣು ಅನ್ನುತ್ತೀರಲ್ಲ.’

ಬುರ್ಕಿನಾ ಫಾಸೊ ದೇಶದ ಗಾಂಡೋ ಹಳ್ಳಿಯಲ್ಲೂ ಇದೇ ಅನುಮಾನ ಎದ್ದಿತ್ತು. ಆ ಊರಿನ ಹುಡುಗ ಫ್ರಾನ್ಸಿಸ್ ಕೆರೆ ಬರ್ಲಿನ್‌ನಲ್ಲಿ ಇನ್ನೂ ಓದುತ್ತಿರುವಾಗಲೇ ತನ್ನೂರಿಗೆ ಶಾಲೆ ಕಟ್ಟಲು ಹೊರಟ. ಮಣ್ಣು ಮಳೆಗೆ ನಿಲ್ಲುವುದಿಲ್ಲ ಎಂದರು ಜನ. ಮಣ್ಣಿಗೆ ಸಿಮೆಂಟ್ ಬೆರೆಸಿ ಇಟ್ಟಿಗೆ ಮಾಡಿದ. ಗೋಡೆಗಳ ಮೇಲೆ ತಗಡಿನ ಚಾವಣಿಯನ್ನು ಸರಳುಗಳ ಆಧಾರದಲ್ಲಿ ಎತ್ತರಕ್ಕೆ ಎತ್ತಿ, ಅಂಚನ್ನು ದೂರಕ್ಕೆ ಚಾಚಿದ. ಮಳೆ ಗೋಡೆಗೆ ತಾಗದು, ಬಿಸಿಗಾಳಿ ನಡುವಿನಿಂದ ಹಾದುಹೋಗುತ್ತದೆ. ಊರವರೇ ದುಡಿದರು. 2001ರಲ್ಲಿ ಶಾಲೆ ಮುಗಿಯಿತು, 2004ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು, 2022ರಲ್ಲಿ ಫ್ರಾನ್ಸಿಸ್ ಕೆರೆಗೆ ನಮ್ಮ ವೃತ್ತಿಯ ಅತಿ ದೊಡ್ಡ ಗೌರವವಾದ ಪ್ರಿಟ್ಜ್ಕರ್. ನನಗೆ ಪ್ರಶಸ್ತಿಗಿಂತ ಮುಖ್ಯವಾಗಿ ಕಾಣುವುದು, ಆತ ಆ ಊರಿನವನೇ ಎಂಬುದು. ತನ್ನ ಮಾತು ಸುಳ್ಳಾದರೆ ಮತ್ತೆ ಅದೇ ಜನಕ್ಕೆ ಮುಖ ತೋರಿಸಬೇಕು. ನಾನು ಶನಿವಾರದ ಬಸ್ಸಿಗೆ ಬೆಂಗಳೂರಿಗೆ ವಾಪಸಾಗುವವಳು. ಹಾಗಾಗಿ ಹಟ ಹಿಡಿಯಲಿಲ್ಲ. ಮುಂಗೋಡೆ ಊರು ಗೌರವಿಸುವ ಸೈಜುಗಲ್ಲಿನಲ್ಲಿ ಎದ್ದಿತು, ಉಳಿದ ಮೂರು ಮಣ್ಣಿನ ಇಟ್ಟಿಗೆಯವು. ರಾಜಿಯೇ ಸರಿ. ನನ್ನ ಗೆಳೆಯರು ಫೋಟೊ ನೋಡಿ ಮೂಗು ಮುರಿದರು.

ಕಟ್ಟಿ ಒಂದು ವರ್ಷದ ಮೇಲೆ ಹೋದೆ. ಹುಡುಗಿ ಪಿಯುಸಿಗೆಂದು ತಾಲ್ಲೂಕಿಗೆ ಹೋಗಿದ್ದಳು. ಬಯಲಿನ ಕಡೆಯ ಬಾಗಿಲ ಮುಂದೆ ಸಣ್ಣ ಅಳತೆಯ ಹೆಣ್ಣುಮಕ್ಕಳ ಚಪ್ಪಲಿಗಳು ಒಂದು ಡಜನ್ ಇದ್ದವು, ಎಣಿಸಿದೆ. ಬೀಗುತ್ತಾ ಮುಂದಕ್ಕೆ ಬಂದರೆ, ನನ್ನ ಜಗಲಿಗೆ ಈ ತುದಿಯಿಂದ ಆ ತುದಿಗೆ ಕಬ್ಬಿಣದ ಗ್ರಿಲ್! ಯಾರು ಹಾಕಿಸಿದ್ದೆಂದು ಸಿಟ್ಟಿನಿಂದಲೇ ಕೇಳಿದೆ. ಹೆಂಗಸರೇ ಪಂಚಾಯಿತಿಗೆ ಹೋಗಿ ಕುಳಿತು ಹಾಕಿಸಿದ್ದರು. ಒರಗಲು ಗೋಡೆ, ಮಲಗಲು ಅಗಲ, ಮೇಲೆ ಸೂರು ಇರುವ ಕಟ್ಟೆ ರಾತ್ರಿ ಒಂಬತ್ತರ ಮೇಲೆ ಕುಡುಕರಿಗೂ ಅಷ್ಟೇ ಹಿತ. ನಾನು ಮೂರು ದಿನ ಕುಳಿತು ನೋಡಿದ್ದು ಸಂಜೆ ಏಳರವರೆಗೆ. ಕೊನೆಯ ಬಸ್ಸು ಏಳಕ್ಕಿತ್ತು.

ಗ್ರಿಲ್ ತೆಗೆಯಿರಿ ಎನ್ನುವ ಬಾಯಿ ನನಗಿರಲಿಲ್ಲ. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಅದನ್ನೇ ನಾಲ್ಕು ತುಂಡು ಮಾಡಿಸಿ, ಗೋಡೆಗೆ ಮಡಚಿಕೊಳ್ಳುವ ಹಾಗೆ ಕೀಲು ಹಾಕಿಸಿಕೊಟ್ಟೆ. ಬೆಳಿಗ್ಗೆ ಪೇಪರ್ ಬರುವ ಹೊತ್ತಿಗೆ ಅಂಗನವಾಡಿ ಕಾರ್ಯಕರ್ತೆ ಬೀಗ ತೆಗೆಯುತ್ತಾರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕುತ್ತಾರೆ. ಕಡೂರಿನ ಹತ್ತಿರ ಈಗ ಬಸ್ ತಂಗುದಾಣವೊಂದರ ಕೆಲಸ ಹಿಡಿದಿದ್ದೇನೆ. ಈ ಸಲ ಮೊದಲು ಮಾಡಿದ್ದು, ರಾತ್ರಿ ಉಳಿಯಲು ಅಲ್ಲಿಯೇ ಒಂದು ಮನೆ ಗೊತ್ತು ಮಾಡಿಕೊಂಡಿದ್ದು.